ಟರ್ಕಿ ಬೇಟೆಯ ಕೋವಿ: ಚರೆ ಚದುರಿದಾಗ ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ

ಅಮೆರಿಕದ ವಸಂತಕಾಲದ ಬೇಟೆಯಲ್ಲಿ ಟರ್ಕಿ ಹುಂಜ 40 ಗಜದಲ್ಲಿ ನಿಂತಿದ್ದರೂ ಈಡು ತಪ್ಪಿತೆಂದರೆ, ಅಥವಾ ಹಕ್ಕಿ ಗಾಯಗೊಂಡು ಪೊದೆ ಸೇರಿತೆಂದರೆ, ಹೆಚ್ಚಿನವರು ಮೊದಲು ದೂರುವುದು ಚೋಕನ್ನು, ಅಂದರೆ ಚರೆ ಎಂಬ ಸಣ್ಣ ಗುಂಡುಗಳು ಬೇಗ ಹರಡದಂತೆ ನಳಿಗೆಯ ಬಾಯಿಯನ್ನು ಕಿರಿದು ಮಾಡುವ ಕೊಳವೆಯನ್ನು. ಇನ್ನೂ ಬಿಗಿಯಾದ ಚೋಕ್ ತರಿಸಿ ಹಾಕುತ್ತಾರೆ, ಕೆಲವೊಮ್ಮೆ ಮೊದಲಿಗಿಂತ ಕೆಡಿಸಿಕೊಳ್ಳುತ್ತಾರೆ. ಚೋಕ್ ತಪ್ಪಿತಸ್ಥ ಆಗಿರಬಹುದು. ಆದರೆ ಗುರಿ ಕದಲಿದ ಕೋವಿಗೆ ಬಿಗಿ ಚೋಕ್ ಹಾಕಿದರೆ ತಪ್ಪುವ ಸಾಧ್ಯತೆ ಹೆಚ್ಚೇ ಆಗುತ್ತದೆ. ಏಕೆಂದರೆ ಚರೆಯ ಗುಂಪು ಚಿಕ್ಕದಾದಷ್ಟೂ ಗುರಿಯ ತಪ್ಪನ್ನು ಮುಚ್ಚುವ ಅಂಚು ಉಳಿಯುವುದಿಲ್ಲ. ಆದ್ದರಿಂದ ದುಡ್ಡು ಬಿಚ್ಚುವ ಮುನ್ನ ಕಾಗದದ ಮೇಲೆ ಎರಡು ವೃತ್ತ ಎಳೆಯಬೇಕು. ಈ ಬರಹದ ಮುಕ್ಕಾಲು ಪಾಲು ಆ ಎರಡು ವೃತ್ತಗಳ ಬಗ್ಗೆಯೇ.

ಎಷ್ಟಿದ್ದರೆ ಸರಿ?

ಟರ್ಕಿಯನ್ನು ಹೊಡೆಯುವುದು ತಲೆ ಮತ್ತು ಕತ್ತಿಗೆ. ಮಿದುಳು ಅಥವಾ ಕತ್ತಿನ ಮೂಳೆಸಾಲಿಗೆ ಚರೆ ತಾಗಿದರೆ ಹಕ್ಕಿ ನಿಂತಲ್ಲೇ ಬೀಳುತ್ತದೆ. ಎದೆಗೆ, ರೆಕ್ಕೆಗೆ ತಾಗಿದರೆ ದಪ್ಪ ಗರಿ ಮತ್ತು ಮಾಂಸ ಚರೆಯನ್ನು ತಡೆದು ಹಕ್ಕಿ ನರಳುತ್ತಾ ಓಡಿಹೋಗುತ್ತದೆ. ಹಾಗಾಗಿ ಬೇಟೆಗಾರರು ಬಹುಕಾಲದಿಂದ ಇಟ್ಟುಕೊಂಡ ಅಳತೆ ಹೀಗಿದೆ: ಎಷ್ಟು ದೂರಕ್ಕೆ ಹೊಡೆಯುತ್ತೀರೋ ಅಷ್ಟು ದೂರದಲ್ಲಿ 10 ಇಂಚು ವ್ಯಾಸದ ವೃತ್ತದೊಳಗೆ ಸುಮಾರು 100 ಚರೆ ಬೀಳಬೇಕು.

ಇಲ್ಲೇ ಮೊದಲ ಗೊಂದಲ. ಚೋಕ್‌ಗಳನ್ನು ಅಳೆಯುವ ಹಳೆಯ ಪದ್ಧತಿ ಬೇರೆ. 40 ಗಜದಲ್ಲಿ 30 ಇಂಚಿನ ವೃತ್ತಕ್ಕೆ ಶೇ. 70 ಚರೆ ಬಿದ್ದರೆ ಅದು ಫುಲ್ ಚೋಕ್, ಶೇ. 60 ಬಿದ್ದರೆ ಅದಕ್ಕಿಂತ ಸಡಿಲವಾದ ಮಾಡಿಫೈಡ್. ಬಾತುಕೋಳಿಗೆ, ಹಾರುವ ಹಕ್ಕಿಗೆ ಈ ಲೆಕ್ಕ ಸರಿ. ಟರ್ಕಿಗೆ ಸಾಲದು. ಕಾಗದದ ಮೇಲೆ ಚರೆ ಹರಡಿ ಬೀಳುವ ರೀತಿಗೆ ಪ್ಯಾಟರ್ನ್ ಎನ್ನುತ್ತಾರೆ. ಚರೆ ನಡುವೆ ದಟ್ಟವಾಗಿ, ಹೊರಕ್ಕೆ ಹೋದಂತೆ ತೆಳುವಾಗಿ ಹರಡುತ್ತದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 30 ಇಂಚಿನಲ್ಲಿ ಶೇ. 70 ಇರುವ ಪ್ಯಾಟರ್ನ್‌ನ ನಡುವಿನ 10 ಇಂಚಿಗೆ ಬೀಳುವುದು ಶೇ. 12-13 ಮಾತ್ರ. 5ನೇ ನಂಬರಿನ ಸೀಸದ ಚರೆ (ನಂಬರು ಹೆಚ್ಚಿದಷ್ಟೂ ಚರೆ ಸಣ್ಣದು) ಒಂದು ಔನ್ಸಿಗೆ ಸುಮಾರು 170 ಇರುತ್ತದೆ. ಒಂದೂಮುಕ್ಕಾಲು ಔನ್ಸಿನ ತೋಟೆಯಲ್ಲಿ ಸುಮಾರು 300. ಅದರ ಶೇ. 12.5 ಎಂದರೆ 38 ಚರೆ. ನೂರು ಬೇಕಾದರೆ ಮೂರನೇ ಒಂದು ಪಾಲು ನಡುವಿನ ವೃತ್ತಕ್ಕೇ ಬೀಳಬೇಕು, ಆಗ 30 ಇಂಚಿನ ವೃತ್ತದಲ್ಲಿ ಹತ್ತಿರಹತ್ತಿರ ಎಲ್ಲ ಚರೆಯೂ ಇರುತ್ತದೆ. ನಿಮ್ಮ ಕೋವಿಯ ಜೊತೆ ಬಂದ ಫುಲ್ ಚೋಕ್ 40 ಚರೆ ಕೊಡುತ್ತಿದ್ದರೆ ಅದು ಕೆಟ್ಟಿಲ್ಲ. ತನ್ನ ಕೆಲಸವನ್ನೇ ಮಾಡುತ್ತಿದೆ.

ತಯಾರಿ

ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ ಎಚ್-1ಬಿಯಂಥ ತಾತ್ಕಾಲಿಕ ವೀಸಾದ ಮೇಲೆ ಇರುವವರು ಕೋವಿ ಮತ್ತು ತೋಟೆ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಹೊಂದಿರುವವರಿಗೆ ವಿನಾಯಿತಿ ಇದೆ. ಎರವಲು ಕೋವಿಯಿಂದ ಒಂದು ಈಡು ಹೊಡೆಯುವುದಕ್ಕೂ ಈ ನಿಷೇಧ ಅನ್ವಯಿಸುತ್ತದೆ. ಪರವಾನಗಿ ಕೈಯಲ್ಲಿಲ್ಲದೆ ರೇಂಜಿಗೆ (ಗುರಿ ಅಭ್ಯಾಸದ ಜಾಗಕ್ಕೆ) ಹೋಗಬೇಡಿ. ಚರೆಯ ನಂಬರು, ಬೋರು (ನಳಿಗೆಯ ಅಗಲದ ಅಳತೆ), ಗುರಿ ಸಾಧನಗಳ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಆಯಾ ರಾಜ್ಯದ ವನ್ಯಜೀವಿ ಇಲಾಖೆಯ ಈ ವರ್ಷದ ಪುಸ್ತಿಕೆ ನೋಡಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇರುವಾಗ ಊರಿನ ಕಾಡಿನಲ್ಲಿ ಇದನ್ನು ಪರೀಕ್ಷಿಸುವ ಮಾತೇ ಇಲ್ಲ.

ಬೇಕಾದ ಸಾಮಾನು: ಕನಿಷ್ಠ 36 ಇಂಚು ಅಗಲ-ಉದ್ದದ ಕಾಗದ (ಕಟ್ಟಡದವರು ನೆಲಕ್ಕೆ ಹಾಸುವ ಕಂದು ಕಾಗದದ ಸುರುಳಿ ಅಗ್ಗ), ಅದನ್ನು ತಗುಲಿಸಲು ದೊಡ್ಡ ರಟ್ಟು, ದಪ್ಪ ಮಾರ್ಕರ್, ಅಳತೆ ಟೇಪು, ಮರಳು ಚೀಲ, ಚೋಕ್ ಕೀಲಿ, ಬ್ರಾಂಜ್ ಬ್ರಷ್, ದ್ರಾವಕ, ಕಿವಿ-ಕಣ್ಣಿನ ರಕ್ಷಣೆ. ಇವುಗಳ ಜೊತೆಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ 10 ಇಂಚಿನ ವೃತ್ತ ಬರೆದು, ನಡುವೆ ತೂತು ಮಾಡಿ, ಅಡ್ಡ-ನೇರ ಗೆರೆ ಎಳೆದು ನಾಲ್ಕು ಭಾಗ ಮಾಡಿಟ್ಟುಕೊಳ್ಳಿ. ದೂರವನ್ನು ಹೆಜ್ಜೆಯಿಂದ ಅಳೆಯಬೇಡಿ. 40 ಗಜವೆಂದರೆ 36.6 ಮೀಟರ್, ಐದು ಗಜ ಹೆಚ್ಚು-ಕಡಿಮೆಯಾದರೂ ಎಣಿಕೆ ಎಷ್ಟೋ ಬದಲಾಗುತ್ತದೆ. ಹಿಂದೆ ಮಣ್ಣಿನ ದಿಬ್ಬ ಇರಲಿ, ಉಕ್ಕಿನ ತಗಡು ಬೇಡ.

ಚೋಕ್ ಮುಟ್ಟುವಾಗಲೆಲ್ಲ ಕೋವಿ ಖಾಲಿ, ಆಕ್ಷನ್ (ತೋಟೆ ತುಂಬುವ ಭಾಗ) ತೆರೆದಿರಬೇಕು. ಈಡಿನ ಸದ್ದು ಎಂದಿಗಿಂತ ಮಂದವಾಗಿ ಬಂದರೆ ಅಲ್ಲೇ ನಿಲ್ಲಿಸಿ, ನಳಿಗೆಯಲ್ಲಿ ವಾಡ್ (ತೋಟೆಯೊಳಗೆ ಚರೆಯನ್ನು ಹಿಡಿದಿಡುವ ಪ್ಲಾಸ್ಟಿಕ್ ಬಟ್ಟಲು) ಸಿಕ್ಕಿಕೊಂಡಿದೆಯೇ ಎಂದು ಕೋಲು ಹಾಕಿ ನೋಡಿ. ಮುಂದಿನ ತೋಟೆ ಹಾಕಿ ನೋಡೋಣ ಎಂದರೆ ನಳಿಗೆ ಒಡೆಯುತ್ತದೆ.

ಎರಡು ವೃತ್ತಗಳ ಪರೀಕ್ಷೆ

ಕಾಗದದ ನಡುವೆ 2 ಇಂಚಿನ ಕಪ್ಪು ಚುಕ್ಕೆ. ನಳಿಗೆಯನ್ನು ಮೊದಲು ಶುಚಿ ಮಾಡಿ, ಒಂದು ಈಡು ಸುಮ್ಮನೆ ದಿಬ್ಬಕ್ಕೆ ಹೊಡೆದು, ಆಮೇಲೆ ಲೆಕ್ಕ ಶುರು ಮಾಡಿ. ಮರಳು ಚೀಲದ ಆಸರೆಯಲ್ಲಿ, 40 ಗಜದಿಂದ, ಬೇಟೆಗೆ ಒಯ್ಯುವ ತೋಟೆಯಲ್ಲೇ ಒಂದು ಕಾಗದಕ್ಕೆ ಒಂದೇ ಈಡು. ಹೀಗೆ ಮೂರು ಕಾಗದ. ಪ್ರತಿಯೊಂದರ ಮೇಲೂ ಚೋಕ್‌ನ ಅಳತೆ, ತೋಟೆಯ ಹೆಸರು, ಚರೆಯ ನಂಬರು, ತೂಕ, ದೂರ, ಹವೆಯ ಉಷ್ಣತೆ ಬರೆಯಿರಿ.

ಈಗ ಮೊದಲನೆಯ ವೃತ್ತ: ಪ್ಲಾಸ್ಟಿಕ್ ಹಾಳೆಯ ತೂತನ್ನು ಗುರಿಯ ಚುಕ್ಕೆಗೆ ಕೂರಿಸಿ, ಒಳಗಿನ ಚರೆ ಎಣಿಸಿ. ಎರಡನೆಯದು: ಚುಕ್ಕೆಯನ್ನು ಮರೆತು, ಹಾಳೆಯನ್ನು ಅತ್ತಿತ್ತ ಸರಿಸಿ ಚರೆ ಅತಿ ದಟ್ಟವಾಗಿರುವ ಕಡೆ ನಿಲ್ಲಿಸಿ ಮತ್ತೆ ಎಣಿಸಿ. ಈ ಎರಡನೆಯ ವೃತ್ತದ ಸುತ್ತ 20 ಇಂಚಿನ ಇನ್ನೊಂದು ಗೆರೆ ಎಳೆದು, 10 ಮತ್ತು 20ರ ನಡುವಿನ ಉಂಗುರದ ಚರೆಯನ್ನೂ ಬರೆದಿಡಿ.

ಮೊದಲ ವೃತ್ತದಲ್ಲಿ 55, ಎರಡನೆಯದರಲ್ಲಿ 105 ಎಂದು ಬಂದರೆ ಚೋಕ್ ಮತ್ತು ತೋಟೆ ಎರಡೂ ಸರಿಯಾಗಿವೆ. ಗುರಿ ಮಾತ್ರ ತಪ್ಪಿದೆ. ಎರಡರಲ್ಲೂ 45-50 ಬಂದರೆ ಗುರಿ ಸರಿ, ದಟ್ಟಣೆ ಇಲ್ಲ. ಚೋಕ್ ಅಥವಾ ತೋಟೆಗಾಗಿ ಅಂಗಡಿಗೆ ಹೋಗಬೇಕಾದದ್ದು ಈ ಎರಡನೆಯ ಸಂದರ್ಭದಲ್ಲಿ ಮಾತ್ರ.

ದಟ್ಟವಾಗಿದೆ, ಆದರೆ ಬೇರೆ ಕಡೆ ಬೀಳುತ್ತಿದೆ

ಒಳ್ಳೆಯ ಟರ್ಕಿ ಪ್ಯಾಟರ್ನ್ ಕೂಡ 40 ಗಜದಲ್ಲಿ 6 ಇಂಚು ಸರಿದರೆ ಗುರಿಯ ಜಾಗದಲ್ಲಿ ಚರೆಯ ದಟ್ಟಣೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಯಾವ ಚೋಕೂ ಈ ನಷ್ಟವನ್ನು ತುಂಬಿಕೊಡಲಾರದು.

ಗುಂಪು ಮೇಲಕ್ಕೆ ಬೀಳುತ್ತಿದ್ದರೆ ಮೊದಲು ನಿಮ್ಮ ಕೆನ್ನೆ ನೋಡಿ. ಹಕ್ಕಿಯನ್ನು ಪೂರ್ತಿ ನೋಡುವ ಆಸೆಯಲ್ಲಿ ತಲೆ ಎತ್ತಿ, ಕೆನ್ನೆ ಸ್ಟಾಕ್ (ಭುಜಕ್ಕೆ ಆನಿಸುವ ಕೋವಿಯ ಹಿಂಭಾಗ) ಬಿಟ್ಟಿತೆಂದರೆ ಕಣ್ಣು ಮೇಲಕ್ಕೆ ಹೋಗುತ್ತದೆ, ಈಡೂ ಮೇಲಕ್ಕೆ ಹೋಗುತ್ತದೆ. ಟರ್ಕಿ ಬೇಟೆಯಲ್ಲಿ ಇದಕ್ಕಿಂತ ಸಾಮಾನ್ಯವಾದ ತಪ್ಪು ಇನ್ನೊಂದಿಲ್ಲ. ತುದಿಯಲ್ಲಿ ಒಂದೇ ಮಣಿ ಇರುವ ಕೋವಿಯಲ್ಲಿ ಹಿಂದಿನ ಗುರಿ ಎಂದರೆ ನಿಮ್ಮ ಕಣ್ಣೇ. ಅದು ಕೂದಲೆಳೆ ಕದಲಿದರೂ ಕಾಗದದಲ್ಲಿ ಇಂಚುಗಳಲ್ಲಿ ಕಾಣುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಟ್ಟ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಟರ್ಕಿಯ ಈಡೂ ಹಾಗೆಯೇ, ನಿಂತ ಗುರಿಗೆ ಉಸಿರು ಹಿಡಿದು ಒತ್ತುವಂಥದ್ದು. ಹಾರುವ ಹಕ್ಕಿಗೆ ಬೀಸಿ ಹೊಡೆಯುವ ರೂಢಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಗುಂಪು ಕೆಳಕ್ಕೆ, ಅದರಲ್ಲೂ ಒಂದೊಂದು ಸಲ ಒಂದೊಂದು ಕಡೆ ಬೀಳುತ್ತಿದ್ದರೆ ಒದೆತಕ್ಕೆ ಹೆದರಿ ಟ್ರಿಗರ್ ಕೀಳುತ್ತಿರಬಹುದು. ಮೂರೂವರೆ ಇಂಚಿನ 12 ಬೋರ್ ತೋಟೆಯ ಒದೆತ ಯಾರನ್ನೂ ಬೆಚ್ಚಿಸುತ್ತದೆ. ಪತ್ತೆ ಹಚ್ಚುವುದು ಸುಲಭ: ನಿಮಗೆ ಗೊತ್ತಾಗದಂತೆ ಜೊತೆಗಾರರು ಕೆಲವೊಮ್ಮೆ ನಿಜವಾದ ತೋಟೆ, ಕೆಲವೊಮ್ಮೆ ಡಮ್ಮಿ ತೋಟೆ ತುಂಬಿಕೊಡಲಿ. ಡಮ್ಮಿಯ ಮೇಲೆ ಟ್ರಿಗರ್ ಒತ್ತಿದಾಗ ನಳಿಗೆಯ ತುದಿ ಕೆಳಕ್ಕೆ ಕುಕ್ಕಿದರೆ ಕಾರಣ ಸಿಕ್ಕಿತು. ಮೂರು ಇಂಚಿನ ತೋಟೆಗೆ ಇಳಿಯಿರಿ. ಕೆಲವರು ಇನ್ನೂ ಕಿರಿದಾದ 20 ಬೋರಿಗೇ ಇಳಿದು ಸುಧಾರಿಸುತ್ತಾರೆ, ಅದರಲ್ಲಿ ಸಣ್ಣತನವೇನಿಲ್ಲ.

ಇವೆರಡೂ ಅಲ್ಲದಿದ್ದರೆ ಕೋವಿಯೇ ಬೇರೆ ಕಡೆ ಹೊಡೆಯುತ್ತಿದೆ. ಚೋಕ್ ತಿರುಗಿಸಿ ಕೂರಿಸುವ ನಳಿಗೆಯ ಎಳೆ (ಸ್ಕ್ರೂ ಗೆರೆ) ತುಸು ಓರೆಯಾಗಿರುವುದು, ಚೋಕ್ ಸ್ವಲ್ಪ ವಾಲಿ ಕೂರುವುದು ಅಪರೂಪವಲ್ಲ. ಹೊಂದಿಸಬಲ್ಲ ಗುರಿ ಸಾಧನ ಹಾಕಿಸಿಕೊಳ್ಳಿ. ಚರೆ ಯಾವ ಕಡೆ ಹೋಗಬೇಕೋ ಹಿಂದಿನ ಗುರಿಯನ್ನು ಆ ಕಡೆಗೇ ಸರಿಸಬೇಕು, ಮುಂದಿನದಾದರೆ ಅದಕ್ಕೆ ವಿರುದ್ಧ. ಎಷ್ಟು ಎನ್ನುವುದಕ್ಕೆ ಲೆಕ್ಕವಿದೆ: ತಪ್ಪಿದ ಇಂಚನ್ನು ಎರಡು ಗುರಿಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ, ಎಲ್ಲವೂ ಇಂಚಿನಲ್ಲಿ. 40 ಗಜ ಎಂದರೆ 1440 ಇಂಚು. ಗುರಿಗಳ ಅಂತರ 20 ಇಂಚು, ತಪ್ಪು 6 ಇಂಚು ಆದರೆ 0.083 ಇಂಚು, ಅಂದರೆ ಸುಮಾರು 2 ಮಿಲಿಮೀಟರ್. ರೆಡ್ ಡಾಟ್ (ಕೆಂಪು ಚುಕ್ಕೆ ತೋರುವ ಗುರಿ ಸಾಧನ) ಇದ್ದರೆ ಒಂದು ಎಂಒಎ (ಕೋನದ ಅಳತೆ, ಡಿಗ್ರಿಯ ಅರವತ್ತನೇ ಒಂದು ಪಾಲು) 40 ಗಜದಲ್ಲಿ 0.42 ಇಂಚು, 5 ಇಂಚು ಸರಿಸಲು 12 ಎಂಒಎ. ಡಾಟ್ ತಿರುಗಿಸಿಯೂ ಗುಂಪು ಕದಲದಿದ್ದರೆ ಅಥವಾ ಪ್ರತಿ ಈಡಿಗೂ ಅಲೆದಾಡಿದರೆ ಅದನ್ನು ಕೂರಿಸಿದ ಮೌಂಟಿನ ಸ್ಕ್ರೂ ಸಡಿಲವಾಗಿದೆ. ಚರೆ ಕೋವಿಯ ಒದೆತ ಸ್ಕ್ರೂಗಳನ್ನು ಬೇಗ ಬಿಚ್ಚುತ್ತದೆ. ಎಣ್ಣೆ ಒರೆಸಿ, ಎಳೆಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ ಬಿಗಿ ಮಾಡಿ.

ದುಬಾರಿ ತೋಟೆ ಉಳಿಸಲು 20 ಗಜದಿಂದ ಅಗ್ಗದ ಹಗುರ ತೋಟೆಯಲ್ಲಿ ಗುರಿಯನ್ನು ಹತ್ತಿರಕ್ಕೆ ತನ್ನಿ. ಆದರೆ ಕೊನೆಯ ಹೊಂದಾಣಿಕೆ ಬೇಟೆಯ ತೋಟೆಯಲ್ಲೇ ಆಗಬೇಕು, ಒದೆತ ಬದಲಾದರೆ ಬೀಳುವ ಜಾಗವೂ ಬದಲಾಗುತ್ತದೆ.

ಗುರಿ ಸರಿ, ಆದರೆ ತೆಳು

ಈಗ 20 ಇಂಚಿನ ಉಂಗುರದ ಎಣಿಕೆ ಕೆಲಸಕ್ಕೆ ಬರುತ್ತದೆ. ಹೊರಗಿನ ಉಂಗುರದ ವಿಸ್ತೀರ್ಣ ಒಳವೃತ್ತದ ಮೂರು ಪಟ್ಟು. 300 ಚರೆಯ ಒಳ್ಳೆಯ ಪ್ಯಾಟರ್ನ್‌ನಲ್ಲಿ ಒಳಗೆ 100, ಉಂಗುರದಲ್ಲಿ ಸುಮಾರು 140 ಇರುತ್ತದೆ, ಎಂದರೆ ನಡುವಿನ ದಟ್ಟಣೆ ಹೊರಗಿನದರ ಎರಡರಷ್ಟು. ಒಳಗೆ 60, ಉಂಗುರದಲ್ಲಿ 110, ಉಳಿದದ್ದು ಹೊರಗೆ ನಯವಾಗಿ ಹರಡಿದ್ದರೆ ಚೋಕ್ ಸಡಿಲ ಅಥವಾ ಚರೆ ಮೆತ್ತಗಿನದು. ಬಿಗಿ ಮಾಡಲು ಅವಕಾಶವಿದೆ. ಒಳಗೆ 45, ಉಂಗುರದಲ್ಲಿ 135 ಎಂದರೆ ಬೇರೆಯೇ ರೋಗ: ನಡು ಖಾಲಿಯಾಗಿದೆ. ಇದು ಚೋಕ್ ಮಿತಿಮೀರಿ ಬಿಗಿಯಾದ ಲಕ್ಷಣ. ಇದಕ್ಕೆ ಇನ್ನೂ ಬಿಗಿ ಚೋಕ್ ಹಾಕಿದರೆ ಇನ್ನೂ ಕೆಡುತ್ತದೆ.

ಕಾರಣ ಹೀಗೆ. ಚರೆಯ ಕಂಬ ನಳಿಗೆಯಿಂದ ಕಿರಿದಾದ ಬಾಯಿಗೆ ನುಗ್ಗುವಾಗ ಚರೆಗಳು ಒಂದರ ಮೇಲೊಂದು ಒತ್ತುತ್ತವೆ. ಸೀಸ ಮೆದು, ಒತ್ತಡಕ್ಕೆ ಚಪ್ಪಟೆಯಾಗುತ್ತದೆ. ಚಪ್ಪಟೆ ಚರೆ ಗಾಳಿಯಲ್ಲಿ ಓರೆಯಾಗಿ ಓಡಿ ಗುಂಪು ಬಿಡುತ್ತದೆ. ಜೊತೆಗೆ ವಾಡ್ ಬಾಯಿಯಲ್ಲಿ ತಡವರಿಸಿ ಹಿಂದಿನಿಂದ ಚರೆಯ ಗುಂಪಿಗೆ ಗುದ್ದಿದರೆ ನಡುಭಾಗ ಒಡೆದುಹೋಗುತ್ತದೆ.

12 ಬೋರಿನ ಸಾಮಾನ್ಯ ನಳಿಗೆಯ ಒಳವ್ಯಾಸ 0.729 ಇಂಚು. ಮಾಡಿಫೈಡ್ ಚೋಕ್‌ನ ಸಂಕೋಚ ಇಂಚಿನ 20 ಸಾವಿರಾಂಶ, ಫುಲ್‌ನದು 35-40. ಟರ್ಕಿ ಚೋಕ್‌ಗಳ ಬಾಯಿ ಸಾಮಾನ್ಯವಾಗಿ 0.640ರಿಂದ 0.675. ಆದರೆ ಚೋಕ್ ಮೇಲೆ ಕೆತ್ತಿದ ಅಂಕಿಯೊಂದೇ ಏನನ್ನೂ ಹೇಳುವುದಿಲ್ಲ, ನಳಿಗೆಯ ಒಳವ್ಯಾಸವನ್ನೂ ನೋಡಬೇಕು. 0.665ರ ಬಾಯಿ 0.729ರ ನಳಿಗೆಯಲ್ಲಿ 64 ಸಾವಿರಾಂಶ ಹಿಂಡುತ್ತದೆ. ಮಾಸ್‌ಬರ್ಗ್ ಕಂಪನಿಯ 835 ಮಾದರಿಯ 0.775ರ ಅಗಲ ನಳಿಗೆಯಲ್ಲಿ ಅದೇ ಬಾಯಿ 110 ಹಿಂಡುತ್ತದೆ. ಒಬ್ಬರ ಕೋವಿಯಲ್ಲಿ ಮುತ್ತಿನಂತೆ ಬಿದ್ದ ಚೋಕ್ ಇನ್ನೊಬ್ಬರಲ್ಲಿ ಚಿಂದಿ ಮಾಡುವುದು ಇದಕ್ಕೇ.

ಸೀಸದ 5 ಅಥವಾ 6ನೇ ನಂಬರಿಗೆ 0.665ರ ಆಸುಪಾಸಿನಿಂದ ಶುರು ಮಾಡಿ. ನಡು ಖಾಲಿಯಾದರೆ ಐದರಿಂದ ಹತ್ತು ಸಾವಿರಾಂಶ ಅಗಲಿಸಿ, ನಯವಾಗಿ ಹರಡಿದರೆ ಅಷ್ಟೇ ಕಿರಿದು ಮಾಡಿ. ಒಮ್ಮೆಗೆ ಒಂದನ್ನೇ ಬದಲಿಸಿ. ಚೋಕ್ ಮತ್ತು ತೋಟೆ ಎರಡನ್ನೂ ಒಟ್ಟಿಗೆ ಬದಲಿಸಿದರೆ ಫಲಿತಾಂಶ ಚೆನ್ನಾಗಿ ಬಂದರೂ ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ.

ತೋಟೆಯ ಪಾಲು

ಚೋಕ್‌ಗಿಂತ ತೋಟೆಯ ಆಯ್ಕೆಯೇ ಹೆಚ್ಚು ಫಲ ಕೊಡುತ್ತದೆ, ಮೊದಲು ತೋಟೆ ಬದಲಿಸಿ ನೋಡುವುದು ಅಗ್ಗವೂ ಹೌದು. ಸೀಸದ ಚರೆಯಲ್ಲಿ ಗಟ್ಟಿತನ ನೋಡಿ: ಆಂಟಿಮನಿ ಬೆರೆಸಿದ್ದು, ತಾಮ್ರ ಲೇಪಿಸಿದ್ದು, ಚರೆಗಳ ನಡುವೆ ಪ್ಲಾಸ್ಟಿಕ್ ಪುಡಿ ತುಂಬಿದ್ದು ಚಪ್ಪಟೆಯಾಗುವುದು ಕಡಿಮೆ. ವಿಂಚೆಸ್ಟರ್‌ನ ಲಾಂಗ್ ಬಿಯರ್ಡ್ ಎಕ್ಸ್‌ಆರ್ ತೋಟೆಯಲ್ಲಿ ಪುಡಿಯ ಬದಲು ಗಟ್ಟಿಯಾದ ರಾಳದಲ್ಲೇ ಚರೆಯನ್ನು ಹೂತಿರುತ್ತಾರೆ. ಹೊಡೆದಾಗ ರಾಳ ಪುಡಿಯಾಗಿ ಚರೆಗೆ ಮೆತ್ತೆಯಾಗುತ್ತದೆ. ವೇಗ ಹೆಚ್ಚೆಂದು ಬೀಗುವ ತೋಟೆಯನ್ನು ಅನುಮಾನದಿಂದಲೇ ನೋಡಿ. ಸೀಸದಲ್ಲಿ ವೇಗ ಏರಿದಷ್ಟೂ ಹಿಂದಿನ ಸಾಲಿನ ಚರೆ ಹೊರಡುವಾಗಲೇ ಜಜ್ಜಿಹೋಗುತ್ತದೆ, ಪ್ಯಾಟರ್ನ್ ಸಡಿಲವಾಗುತ್ತದೆ.

ಫೆಡರಲ್ ಕಂಪನಿಯ ಫ್ಲೈಟ್‌ಕಂಟ್ರೋಲ್ ವಾಡ್ ಇರುವ ತೋಟೆ ಬಳಸುವವರು ಗಮನಿಸಬೇಕಾದ ವಿಷಯ ಒಂದಿದೆ, ಏಕೆಂದರೆ ಇಲ್ಲಿ ಎಡವುವವರು ಬಹಳ. ಮಾಮೂಲಿ ವಾಡ್‌ನ ಎಸಳುಗಳು ಮುಂದಿನಿಂದ ಬಿಚ್ಚಿಕೊಳ್ಳುತ್ತವೆ. ಇದು ಚರೆಯನ್ನು ಬಟ್ಟಲಿನಲ್ಲಿಟ್ಟುಕೊಂಡೇ ನಳಿಗೆ ದಾಟಿ, ಆಮೇಲೆ ಹಿಂಬದಿಯ ರೆಕ್ಕೆ ಬಿಚ್ಚಿ ತನ್ನನ್ನು ತಾನೇ ಹಿಂದಕ್ಕೆ ತಡೆದುಕೊಳ್ಳುತ್ತದೆ. ವಾಡನ್ನು ಹಿಡಿದು ನಿಲ್ಲಿಸುವ ಹಲ್ಲಿರುವ ಚೋಕ್, ಪಕ್ಕದಲ್ಲಿ ತೂತುಗಳಿರುವ ಚೋಕ್ ಇದಕ್ಕೆ ಶತ್ರು. ಬಟ್ಟಲು ಹರಿದು ಪ್ಯಾಟರ್ನ್ ಒಡೆಯುತ್ತದೆ. ತೂತಿಲ್ಲದ, ನಯವಾದ, ಅತಿ ಬಿಗಿಯಲ್ಲದ ಚೋಕ್‌ನಲ್ಲಿ ಅದೇ ತೋಟೆ ಚೆನ್ನಾಗಿ ಹೊಡೆಯುತ್ತದೆ. ಹೊಸ ಫ್ಲೈಟ್‌ಕಂಟ್ರೋಲ್ ಫ್ಲೆಕ್ಸ್ ವಾಡ್ ತೂತಿನ ಚೋಕಿಗೂ ಹೊಂದುವಂತೆ ಮಾಡಿದ್ದು. ಪೆಟ್ಟಿಗೆಯ ಮೇಲೆ ಯಾವುದೆಂದು ಓದಿ.

ಟಂಗ್‌ಸ್ಟನ್ ಸೂಪರ್ ಶಾಟ್, ಎಲ್ಲರೂ ಟಿಎಸ್‌ಎಸ್ ಎನ್ನುವ ಚರೆ, ಈ ಇಡೀ ಲೆಕ್ಕವನ್ನೇ ಬದಲಿಸಿತು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 11 ಗ್ರಾಂ, ಟಿಎಸ್‌ಎಸ್‌ನದು 18. ಚರೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದರ ಸ್ಥೂಲ ಅಂದಾಜಿಗೆ ಸಾಂದ್ರತೆಯನ್ನು ವ್ಯಾಸದಿಂದ ಗುಣಿಸಿ: 9ನೇ ನಂಬರಿನ ಟಿಎಸ್‌ಎಸ್ (0.08 ಇಂಚು) 1.44; 5ನೇ ನಂಬರಿನ ಸೀಸ (0.12 ಇಂಚು) 1.32; 4ನೇ ನಂಬರಿನ ಸೀಸ (0.13 ಇಂಚು) 1.43. ಸಾಸಿವೆಗಿಂತ ಅಷ್ಟೇನೂ ದೊಡ್ಡದಲ್ಲದ ಆ ಟಿಎಸ್‌ಎಸ್ ಚರೆ 4ನೇ ನಂಬರಿನ ಸೀಸದಷ್ಟು ಇಳಿಯುತ್ತದೆ, ಆದರೆ ಒಂದು ಔನ್ಸಿಗೆ ಸುಮಾರು 360 ಸಿಗುತ್ತದೆ, 4ನೇ ನಂಬರಿನ ಸೀಸ 135 ಮಾತ್ರ. ಗಟ್ಟಿಯಾದ್ದರಿಂದ ಚಪ್ಪಟೆಯೂ ಆಗುವುದಿಲ್ಲ. 20 ಬೋರ್, 410 ಬೋರ್ ಕೋವಿಗಳು ಟರ್ಕಿ ಬೇಟೆಗೆ ಯೋಗ್ಯವಾದದ್ದು ಈ ಚರೆಯಿಂದ.

ಆದರೆ ಟಿಎಸ್‌ಎಸ್ ಚೋಕ್‌ನ ಉಕ್ಕಿಗಿಂತ ಗಟ್ಟಿ. ‘ಸೀಸಕ್ಕೆ ಮಾತ್ರ’ ಎಂದು ಕೆತ್ತಿದ ಚೋಕ್‌ನಲ್ಲಿ ಹೊಡೆಯಬೇಡಿ, ಸ್ಥಿರ ಚೋಕ್‌ನ ಹಳೆಯ ಜೋಡುನಳಿಗೆಯಲ್ಲಂತೂ ಬೇಡವೇ ಬೇಡ. ಅಂತೆಯೇ ಬಿಗಿ ಟರ್ಕಿ ಚೋಕ್‌ನಲ್ಲಿ ಬಾತುಕೋಳಿಗೆ ಬಳಸುವ ಉಕ್ಕಿನ ಚರೆ ಹೊಡೆದರೆ ಚೋಕ್ ಉಬ್ಬಿ, ಬಿಚ್ಚಲಾಗದೆ ಸಿಕ್ಕಿಕೊಳ್ಳಬಹುದು. ತೋಟೆಯ ಉದ್ದ ನಳಿಗೆಯ ಮೇಲೆ ಕೆತ್ತಿದ ಅಳತೆಯನ್ನು ಮೀರಬಾರದು.

ಸೀಸದಲ್ಲಿ ಯಾವ ನಂಬರು? 6 ಒಂದು ಔನ್ಸಿಗೆ 225 ಬರುತ್ತದೆ, ವೃತ್ತ ತುಂಬುತ್ತದೆ, ಆದರೆ 40 ಗಜದಾಚೆ ಬಲ ಉಡುಗುತ್ತದೆ. 4 ಬಲ ಉಳಿಸಿಕೊಳ್ಳುತ್ತದೆ, ಆದರೆ ಒಂದೂಮುಕ್ಕಾಲು ಔನ್ಸಿನಲ್ಲಿ 236 ಮಾತ್ರ. ನೂರು ಬೀಳಿಸಲು ಶೇ. 42 ಒಳಗೆ ಬರಬೇಕು, ಅದು ಕಷ್ಟ. 5 ನಡುವಿನ ದಾರಿ. ಗೊತ್ತಾಗದಿದ್ದರೆ 5 ತೆಗೆದುಕೊಳ್ಳಿ.

ಒಂದೊಂದು ಈಡು ಒಂದೊಂದು ತರಹ

ಮೂರು ಕಾಗದದಲ್ಲಿ 95, 104, 98 ಬಂದರೆ ಮೂರೂ ಒಂದೇ. 300 ಚರೆಯಲ್ಲಿ ನೂರು ಬೀಳುವ ಕಡೆ ಎಂಟು-ಹತ್ತರ ಏರಿಳಿತ ಸಹಜ. ಹೀಗಾಗಿ ಒಂದೇ ಈಡು ಹೊಡೆದು ‘ಈ ಚೋಕ್ ಹತ್ತು ಚರೆ ಹೆಚ್ಚು ಕೊಟ್ಟಿತು’ ಎನ್ನುವ ಹೋಲಿಕೆಗೆ ಬೆಲೆಯಿಲ್ಲ. ಮೂರರ ಸರಾಸರಿ ನೋಡಿ, ಅಂತರ 15 ದಾಟಿದರೆ ಮಾತ್ರ ಒಂದು ಇನ್ನೊಂದಕ್ಕಿಂತ ಮೇಲು ಎನ್ನಿ. ವೃತ್ತದ ನಾಲ್ಕು ಭಾಗವನ್ನೂ ಬೇರೆಬೇರೆ ಎಣಿಸಿ: ಸುಮಾರು 25 ಇರಬೇಕಾದ ಕಡೆ ಪದೇಪದೇ ಹತ್ತಕ್ಕಿಂತ ಕಡಿಮೆ ಬಂದರೆ ಅಲ್ಲಿ ಹಕ್ಕಿಯ ತಲೆ ತೂರಿಹೋಗುವಷ್ಟು ಕಿಂಡಿ ಇದೆ, ಒಟ್ಟು ನೂರಾದರೂ ಆ ಜೋಡಿಯನ್ನು ನಂಬಬೇಡಿ.

110, 60, 85 ಎಂದು ಬಂದರೆ ಏನೋ ಸಡಿಲವಿದೆ. ಕೋವಿ ಖಾಲಿ ಮಾಡಿ ಚೋಕ್ ಹಿಡಿದು ತಿರುಗಿಸಿ ನೋಡಿ. ಒಂದೆರಡು ಎಳೆ ಬಿಚ್ಚಿಕೊಂಡಿರುವುದು ತೀರಾ ಸಾಮಾನ್ಯ. ಎಳೆಗೆ ಚೋಕ್ ಗ್ರೀಸ್ ತೆಳುವಾಗಿ ಹಚ್ಚಿ, ಕೀಲಿಯಿಂದ ಬಿಗಿ ಮಾಡಿ, ಪ್ರತಿ ಐದು ಈಡಿಗೊಮ್ಮೆ ಮುಟ್ಟಿ ನೋಡಿ.

ಆಮೇಲೆ ಚೋಕ್ ಬಿಚ್ಚಿ ಒಳಗೆ ಬೆರಳು ಹಾಕಿ. ಕಿರಿದಾಗುವ ಜಾಗದಲ್ಲಿ ಜಿಡ್ಡು-ಒರಟು ಪದರ ಸಿಕ್ಕಿದರೆ ಅದು ವಾಡ್‌ನ ಕರಗಿದ ಪ್ಲಾಸ್ಟಿಕ್ ಮತ್ತು ಸೀಸ. ತೂತಿರುವ ಚೋಕ್‌ನಲ್ಲಿ ತೂತಿನ ಅಂಚಿಗೇ ಪ್ಲಾಸ್ಟಿಕ್ ಸಿಪ್ಪೆ ಅಂಟಿರುತ್ತದೆ. ದ್ರಾವಕದಲ್ಲಿ ಹತ್ತು ನಿಮಿಷ ನೆನೆಸಿ ಬ್ರಾಂಜ್ ಬ್ರಷ್‌ನಿಂದ ಉಜ್ಜಿ. ನಳಿಗೆಯ ಎಳೆಯಲ್ಲಿ ಸೇರಿದ ಮಸಿಯನ್ನೂ ತೆಗೆಯಿರಿ. ಅದಿದ್ದರೆ ಚೋಕ್ ಪೂರ್ತಿ ತಳಕ್ಕೆ ಕೂರುವುದಿಲ್ಲ.

ಮತ್ತೆ ಚೋಕ್ ಹಾಕಿ, ನಳಿಗೆಯನ್ನು ಕೋವಿಯಿಂದ ಬಿಡಿಸಿ, ತೋಟೆ ತುಂಬುವ ತುದಿಯಿಂದ ಬೆಳಕಿನತ್ತ ಹಿಡಿದು ನೋಡಿ. ಚೋಕ್‌ನ ಒಳಗೋಡೆ ಸುತ್ತಲೂ ಒಂದೇ ದಪ್ಪದ ಉಂಗುರವಾಗಿ ಕಾಣಬೇಕು. ಒಂದು ಕಡೆ ದಪ್ಪ, ಎದುರು ಕಡೆ ತೆಳುವಾಗಿ ಬಿದಿಗೆ ಚಂದ್ರನಂತೆ ಕಂಡರೆ ಚೋಕ್ ವಾಲಿದೆ; ಚರೆ ಒಂದೇ ಕಡೆ ಸರಿಯುವುದು ಇದರಿಂದ. ಇನ್ನೊಂದು ಪರೀಕ್ಷೆ: ಕೋಲಿನ ತುದಿಗೆ ಹತ್ತಿ ಸುತ್ತಿ ಒಳಗಿನಿಂದ ಹೊರಕ್ಕೆ ತಳ್ಳಿ. ಚೋಕ್ ಶುರುವಾಗುವಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡರೆ ಚೋಕ್‌ನ ಹಿಂಬದಿಯ ಅಂಚು ನಳಿಗೆಯೊಳಕ್ಕೆ ಚಾಚಿದೆ ಎಂದರ್ಥ. ಇದು ಬರೀ ಪ್ಯಾಟರ್ನ್ ಕೆಡಿಸುವ ವಿಷಯವಲ್ಲ. ಚರೆ ಆ ಅಂಚಿಗೆ ಬಡಿದು ಚೋಕನ್ನು ಸುಲಿದು ಹಾಕಬಹುದು. ಆ ಚೋಕ್ ಆ ಕೋವಿಯದ್ದಲ್ಲ. ಎಳೆ ಹೊಂದಿದಂತೆ ಕಂಡರೂ ಬೇರೆ ಜಾತಿಯ ಚೋಕ್ ಹಾಕಬೇಡಿ: ಬೆರೆಟ್ಟಾದಲ್ಲಿ ಮೊಬಿಲ್‌ಚೋಕ್ ಮತ್ತು ಆಪ್ಟಿಮಾ, ಬೆನೆಲ್ಲಿಯಲ್ಲಿ ಮೊಬಿಲ್ ಮತ್ತು ಕ್ರಿಯೊ, ಮಾಸ್‌ಬರ್ಗ್‌ನಲ್ಲಿ 500 ಮತ್ತು 835, ಒಂದೇ ಕಂಪನಿಯೊಳಗೂ ಬೇರೆ ಬೇರೆ.

40 ಗಜದಲ್ಲಿ ಚೆನ್ನ, 15ರಲ್ಲಿ ತಪ್ಪು

ಬಿಗಿ ಚೋಕ್, ಟಿಎಸ್‌ಎಸ್ ಎರಡೂ ಸೇರಿದರೆ 10 ಗಜದಲ್ಲಿ ಚರೆಯೆಲ್ಲ ಒಂದು ಮುಷ್ಟಿಯಷ್ಟು ಜಾಗಕ್ಕೆ ಬೀಳುತ್ತದೆ. ಬೇಟೆಗಾರರ ಕೂಗಿಗೆ ಓಗೊಟ್ಟು ತೀರಾ ಹತ್ತಿರ ಬಂದ ಹುಂಜ ತಪ್ಪಿಸಿಕೊಳ್ಳುವುದು ಇಲ್ಲೇ. 10, 20, 30 ಗಜದಲ್ಲೂ ಒಂದೊಂದು ಕಾಗದಕ್ಕೆ ಹೊಡೆದು ನೋಡಿ. ನಿಮಗೆ ಹಕ್ಕಿ ಸಿಗುವುದು ದಟ್ಟ ಕಾಡಿನಲ್ಲಿ 25 ಗಜದೊಳಗೇ ಆದರೆ 40 ಗಜದ ನೂರನ್ನು ಬೆನ್ನಟ್ಟುವುದು ವ್ಯರ್ಥ. ಸ್ವಲ್ಪ ಅಗಲದ ಚೋಕ್ ಹಾಕಿ, 30 ಗಜದಲ್ಲಿ ನೂರು ಬಂದರೆ ಅಲ್ಲಿಗೆ ಗೆರೆ ಎಳೆಯಿರಿ. ಗುರಿ ಇಡುವ ಜಾಗ ಗರಿ ಮುಗಿದು ಬೋಳು ಕತ್ತು ಶುರುವಾಗುವಲ್ಲಿಂದ ತುಸು ಮೇಲೆ, ಕತ್ತಿನ ನಡುವೆ. ತಲೆಗೇ ಇಟ್ಟರೆ ಪ್ಯಾಟರ್ನ್‌ನ ಮೇಲರ್ಧ ಗಾಳಿಗೆ ಹೋಗುತ್ತದೆ.

ಬೇಸಿಗೆಯ ಮಧ್ಯಾಹ್ನ ರೇಂಜಿನಲ್ಲಿ ಎಣಿಸಿದ ಅಂಕಿ ಏಪ್ರಿಲ್ ಬೆಳಗಿನ ಚಳಿಗೆ ಹಾಗೇ ನಿಲ್ಲುವುದಿಲ್ಲ. ತಣ್ಣನೆಯ ಗಾಳಿ ಹೆಚ್ಚು ಸಾಂದ್ರ, ಮದ್ದಿನ ವೇಗವೂ ತುಸು ತಗ್ಗುತ್ತದೆ, ವಾಡ್‌ನ ಪ್ಲಾಸ್ಟಿಕ್ ಬಿರುಸಾಗುತ್ತದೆ. ಬೇಟೆಯ ವಾತಾವರಣಕ್ಕೆ ಹತ್ತಿರವಾದ ದಿನವೇ ಕೊನೆಯ ಪರೀಕ್ಷೆ ಮಾಡಿ. ಆಗ ಮರಳು ಚೀಲ ಬಿಟ್ಟು, ಮರಕ್ಕೆ ಬೆನ್ನು ಕೊಟ್ಟು, ಮಂಡಿಯ ಮೇಲೆ ಕೋವಿ ಇಟ್ಟು, ಬೇಟೆಯ ದಿನ ತೊಡುವ ದಪ್ಪ ಜಾಕೆಟ್ ಮತ್ತು ಮುಖಗವಸು ಹಾಕಿಕೊಂಡೇ ಹೊಡೆಯಿರಿ. ಜಾಕೆಟ್ಟಿನ ದಪ್ಪ ಸ್ಟಾಕನ್ನು ಮುಂದಕ್ಕೆ ತಳ್ಳುತ್ತದೆ, ಕೆನ್ನೆ ಕೂರುವ ಜಾಗ ಬದಲಾಗುತ್ತದೆ. ಬೆಂಚಿನ ಮೇಲೆ ಸರಿಯಿದ್ದ ಕೋವಿ ಇಲ್ಲಿ ಮೂರು ಇಂಚು ಮೇಲೆ ಹೊಡೆದರೆ ಆಶ್ಚರ್ಯವಿಲ್ಲ.

ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಬಳಿ ಹೋಗಬೇಕಾದದ್ದು ಯಾವಾಗ

ಬೇರೆ ಬೇರೆ ತೋಟೆ, ಎರಡು ಅಳತೆಯ ಸರಿಯಾದ ಚೋಕ್, ಶುಚಿಯಾದ ನಳಿಗೆ, ಇಷ್ಟಾದ ಮೇಲೂ ಗುಂಪು ಒಂದೇ ಕಡೆಗೆ ಸರಿಯುತ್ತಿದ್ದರೆ, ಉಂಗುರ ಬಿದಿಗೆ ಚಂದ್ರನಂತೆ ಕಾಣುತ್ತಿದ್ದರೆ, ಚೋಕ್ ಇರುವ ಕಡೆ ನಳಿಗೆಯ ಹೊರಮೈಯಲ್ಲಿ ಬೆರಳಿಗೆ ಉಬ್ಬು ಸಿಕ್ಕಿದರೆ ಕೋವಿಯನ್ನು ಬಳಸುವುದು ನಿಲ್ಲಿಸಿ ತೋರಿಸಿ. ಒಳವ್ಯಾಸ ಅಳೆಸಿ, ಚೋಕ್ ಎಳೆ ನಳಿಗೆಯ ನಡುಗೆರೆಗೆ ನೇರವಾಗಿದೆಯೇ ಕೇಳಿ. ತೋಟೆಯ ಕೋಣೆಯ ಮುಂದಿನ ಇಳಿಜಾರನ್ನು ಉದ್ದ ಮಾಡಿಸುವುದರಿಂದ ಸೀಸದ ಚರೆ ಜಜ್ಜುವುದು ಸ್ವಲ್ಪ ಕಡಿಮೆಯಾಗಬಹುದು, ಟಿಎಸ್‌ಎಸ್ ಹೊಡೆಯುವವರಿಗೆ ಆ ಖರ್ಚು ಬೇಡ. ಹೋಗುವಾಗ ನಿಮ್ಮ ಕಾಗದಗಳನ್ನು ಸುತ್ತಿ ಒಯ್ಯಿರಿ, ಎರಡು ವೃತ್ತ ಎಳೆದ ಮೂರು ಕಾಗದ ಕಂಡರೆ ಅವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.